ಡಯಾಲಿಸಿಸ್ ರೋಗಿಗಳ ದೇಹಶಕ್ತಿ ಕುಗ್ಗಿದರೂ ಜೀವನ ಗುಣಮಟ್ಟದ ಅಂಕ ಏರಿದ್ದೇಕೆ?

ನರ್ಸಿಂಗ್ ಸ್ನಾತಕೋತ್ತರ ಪ್ರಬಂಧಕ್ಕಾಗಿ ನೀವು ಡಯಾಲಿಸಿಸ್ ರೋಗಿಗಳಿಂದ ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಜೀವನ ಗುಣಮಟ್ಟದ ಪ್ರಶ್ನಾವಳಿಯನ್ನು ಚಿಕಿತ್ಸೆ ಆರಂಭವಾದಾಗ ಒಮ್ಮೆ, ಆರು ತಿಂಗಳ ಬಳಿಕ ಇನ್ನೊಮ್ಮೆ ತುಂಬಿಸಿಕೊಂಡಿದ್ದೀರಿ. ಅನೇಕರ ನಡಿಗೆ ನಿಧಾನವಾಗಿದೆ, ದುಡಿಯುವ ಶಕ್ತಿ ಕುಗ್ಗಿದೆ; ಆದರೂ ತಮ್ಮ ಬದುಕಿಗೆ ಅವರೇ ಕೊಟ್ಟುಕೊಂಡ ಅಂಕ ಏರಿದೆ. ಮಾಹಿತಿ ಸಂಗ್ರಹದಲ್ಲಿ ತಪ್ಪಾಗಿದೆಯೇ, ರೋಗಿಗಳ ಮಾನದಂಡವೇ ಬದಲಾಗಿದೆಯೇ, ಬದಲಾಗಿದ್ದರೆ ಅದನ್ನು ಅಳೆಯುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ಇಂಥ ಪ್ರಶ್ನಾವಳಿಗಳ ವಿಶ್ಲೇಷಣೆಯೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಮಾನದಂಡದ ಮಾತಿಗೆ ಹೋಗುವ ಮೊದಲು ಬೇರೆ ಕೆಲವು ಕಾರಣಗಳನ್ನು ಪರಿಶೀಲಿಸಿ. ಡಯಾಲಿಸಿಸ್ ಶುರುವಾಗುವ ಹೊತ್ತಿಗೆ ಬಹಳ ರೋಗಿಗಳು ವಾಕರಿಕೆ, ತುರಿಕೆ, ಉಸಿರುಗಟ್ಟುವಿಕೆಯಿಂದ ಬಳಲಿರುತ್ತಾರೆ; ಕೆಲವು ವಾರಗಳಲ್ಲಿ ಅದು ತಗ್ಗಿದರೆ ಅಂಕದ ಏರಿಕೆಯ ಒಂದು ಪಾಲು ನಿಜವಾದ ಸುಧಾರಣೆಯೇ. ಇನ್ನೊಂದು ವಿಷಯವೆಂದರೆ, ತೀರಿಕೊಂಡವರು ಮತ್ತು ಚಿಕಿತ್ಸೆ ಬಿಟ್ಟವರು ಎರಡನೇ ಸುತ್ತಿನಲ್ಲಿ ಇರುವುದಿಲ್ಲ. ಹಾಗಾಗಿ ಎರಡೂ ಬಾರಿ ಉತ್ತರಿಸಿದವರ ಮೊದಲ ಅಂಕವನ್ನು ಮಾತ್ರ ಹೋಲಿಕೆಗೆ ತೆಗೆದುಕೊಂಡಿದ್ದೀರೋ ಇಲ್ಲವೋ ನೋಡಿಕೊಳ್ಳಿ. ಎರಡೂ ಬಾರಿ ಪ್ರಶ್ನೆ ಕೇಳಿದವರು ಯಾರು, ಡಯಾಲಿಸಿಸ್ ಮುಗಿದ ಸುಸ್ತಿನಲ್ಲಿ ಕೇಳಿದರೋ ಮರುದಿನ ಕೇಳಿದರೋ ಎಂಬುದೂ ಅಂಕವನ್ನು ಅಲುಗಾಡಿಸುತ್ತದೆ. ಸೂಜಿ ಚುಚ್ಚುವವರೇ ಎದುರು ಕುಳಿತು ಕೇಳಿದರೆ ರೋಗಿ ಬೇಸರದ ಮಾತನ್ನು ಹೇಳಲು ಹಿಂಜರಿಯುತ್ತಾನೆ.

ಇವೆಲ್ಲವನ್ನೂ ಕಳೆದು ಉಳಿಯುವುದನ್ನು ಸಂಶೋಧಕರು ರೆಸ್ಪಾನ್ಸ್ ಶಿಫ್ಟ್ ಎನ್ನುತ್ತಾರೆ. ಮೂಲದಲ್ಲಿ ಇದು ವೈದ್ಯಕೀಯದ ವಿಚಾರವಾಗಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಆಡಳಿತ ಮತ್ತು ತರಬೇತಿ ಕಾರ್ಯಕ್ರಮಗಳ ಫಲವನ್ನು ಅಳೆಯಹೊರಟವರಿಗೆ, ತರಬೇತಿ ಪಡೆದವರು ತಮ್ಮನ್ನು ತಾವು ಅಳೆದುಕೊಳ್ಳುವ ಮಾನದಂಡವನ್ನೇ ಬದಲಿಸಿಕೊಂಡಿರುತ್ತಾರೆ ಎಂಬುದು ಗೊತ್ತಾಯಿತು. ಸೇರಿನ ಗಾತ್ರವೇ ಬದಲಾಗಿದ್ದರೆ ಹೋದ ವರ್ಷದ ಹತ್ತು ಸೇರನ್ನೂ ಈ ವರ್ಷದ ಹತ್ತು ಸೇರನ್ನೂ ಸಮವೆನ್ನಲಾಗದು. ಆರೋಗ್ಯ ಕ್ಷೇತ್ರದಲ್ಲಿ ಇದಕ್ಕೆ ಗಟ್ಟಿಯಾದ ಚೌಕಟ್ಟು ಕೊಟ್ಟವರು ನೆದರ್ಲೆಂಡ್ಸಿನ ಮಿರ್ಯಾಮ್ ಸ್ಪ್ರಾಂಗರ್ಸ್ ಮತ್ತು ಅಮೆರಿಕದ ಕ್ಯಾರೊಲಿನ್ ಶ್ವಾರ್ಟ್ಜ್. 1999ರಲ್ಲಿ ಅವರು ಈ ಬದಲಾವಣೆಯನ್ನು ಮೂರಾಗಿ ಬಿಡಿಸಿದರು: ರೋಗಿಯ ಒಳಗಿನ ಅಳತೆಗೋಲು ಬದಲಾಗಬಹುದು, ಯಾವುದು ಮುಖ್ಯ ಯಾವುದು ಅಮುಖ್ಯ ಎಂಬ ತೂಕ ಬದಲಾಗಬಹುದು, ಇಲ್ಲವೇ ಒಳ್ಳೆಯ ಬದುಕು ಎಂದರೇನು ಎಂಬ ಕಲ್ಪನೆಯೇ ಬದಲಾಗಬಹುದು.

ಕಾಗದದ ಮೇಲೆ ಹೀಗೆ ಬೇರೆಬೇರೆಯಾಗಿ ಕಾಣುವುದು ರೋಗಿಯ ಮಾತಿನಲ್ಲಿ ಹೆಣೆದುಕೊಂಡೇ ಬರುತ್ತದೆ. ನಿಮ್ಮ ಪ್ರಶ್ನಾವಳಿಯಲ್ಲಿ ದಿನನಿತ್ಯದ ಬದುಕಿಗೆ ಬೇಕಾದಷ್ಟು ಶಕ್ತಿ ನಿಮ್ಮಲ್ಲಿದೆಯೇ ಎಂಬ ಪ್ರಶ್ನೆ ಇದೆಯಲ್ಲ, ಅದನ್ನೇ ತೆಗೆದುಕೊಳ್ಳಿ. ಉತ್ತರ ಗುರುತಿಸುವಾಗ ಮನಸ್ಸಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಹೇಳಿ ಎಂದು ನಾನು ದಿನಸಿ ಅಂಗಡಿಯ ಯಜಮಾನರೊಬ್ಬರನ್ನು ಕೇಳಿಕೊಂಡಿದ್ದೆ. ಮೊದಲ ಸಲ ಅವರು ಅಕ್ಕಿ ಮೂಟೆ ಇಳಿಸುವುದು, ರಾತ್ರಿ ಒಂಬತ್ತರವರೆಗೆ ನಿಂತು ವ್ಯಾಪಾರ ಮಾಡುವುದನ್ನು ನೆನೆದು ‘ಸ್ವಲ್ಪ’ ಎಂಬ ಚೌಕದ ಮೇಲೆ ಬೆರಳಿಟ್ಟರು. ಕೆಲವು ತಿಂಗಳ ನಂತರ ಅದೇ ಪ್ರಶ್ನೆಗೆ, ಬೆಳಿಗ್ಗೆ ಎರಡು ಗಂಟೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತೇನೆ, ಮೂಟೆಯ ಕೆಲಸ ಮಗ ನೋಡಿಕೊಳ್ಳುತ್ತಾನೆ ಎನ್ನುತ್ತಾ ‘ಬಹುಮಟ್ಟಿಗೆ’ ಎಂಬುದನ್ನು ಗುರುತಿಸಿದರು. ಎರಡೂ ಉತ್ತರ ಪ್ರಾಮಾಣಿಕವಾದವು. ಆದರೆ ‘ದಿನನಿತ್ಯದ ಬದುಕು’ ಎಂಬುದು ಎರಡು ಸಲವೂ ಒಂದೇ ಆಗಿರಲಿಲ್ಲ. ಕಂಪ್ಯೂಟರಿಗೆ ಹೋದದ್ದು ಎರಡು ಅಂಕಿ ಮಾತ್ರ.

ಅಳೆಯುವ ವಿಧಾನಗಳಲ್ಲಿ ಎಲ್ಲರೂ ಮೊದಲು ಕೈಹಾಕುವುದು ದೆನ್ ಟೆಸ್ಟ್‌ಗೆ. ಎರಡನೇ ಸುತ್ತಿನ ಉತ್ತರ ಮುಗಿದ ಕೂಡಲೇ, ಆರು ತಿಂಗಳ ಹಿಂದೆ ನಿಮ್ಮ ಸ್ಥಿತಿ ಹೇಗಿತ್ತು ಎಂಬುದನ್ನು ಈಗಿನ ನಿಮ್ಮ ಲೆಕ್ಕದಲ್ಲಿ ಹೇಳಿ ಎಂದು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವುದು ಇದರ ಕ್ರಮ; ಆಗ ಕೊಟ್ಟ ಉತ್ತರವನ್ನು ನೆನಪಿಸಿಕೊಳ್ಳಿ ಎಂದು ಮಾತ್ರ ಕೇಳಬಾರದು. ಉದಾಹರಣೆಗೆ ರೋಗಿ ಮೊದಲು 60, ಈಗ 65 ಕೊಟ್ಟು, ಹಿಂದಿನ ಸ್ಥಿತಿಗೆ ಈಗಿನ ಲೆಕ್ಕದಲ್ಲಿ 45 ಕೊಟ್ಟರೆ, 60 ಮತ್ತು 45ರ ನಡುವಿನ 15 ಅಳತೆಗೋಲಿನ ಸರಿದಾಟವೆಂದೂ 45ರಿಂದ 65ಕ್ಕೆ ಆದ 20ರ ಏರಿಕೆ ಈಗಿನ ಅಳತೆಗೋಲಿನಲ್ಲಿ ಕಂಡ ಬದಲಾವಣೆಯೆಂದೂ ಎಣಿಸುತ್ತಾರೆ. ಲೆಕ್ಕ ಸುಲಭ, ನಂಬಿಕೆ ಕಷ್ಟ. ಇಷ್ಟು ದಿನ ಚಿಕಿತ್ಸೆ ಪಡೆದಿದ್ದೇನೆ, ಹಾಗಾದರೆ ಮೊದಲು ಇನ್ನೂ ಕೆಟ್ಟದಾಗಿಯೇ ಇದ್ದಿರಬೇಕು ಎಂದು ಮನಸ್ಸು ಹಿಂದಿನದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯ ಮೇಲೆ ಮಲಚೀಲ ಹಾಕಿಸಿಕೊಂಡವರ ಬಗ್ಗೆ 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚೀಲ ತೆಗೆಸಿಕೊಂಡು ಮೊದಲಿನಂತಾದವರು ಚೀಲದೊಂದಿಗಿನ ಬದುಕಿಗೆ ಕೊಟ್ಟ ಬೆಲೆ, ಚೀಲದೊಂದಿಗೇ ಬದುಕುತ್ತಿದ್ದವರು ಕೊಟ್ಟ ಬೆಲೆಗಿಂತ ಕಡಿಮೆಯಿತ್ತು. ಅನುಭವಿಸಿದವರ ನೆನಪೂ ಹೀಗೆ ಬಾಗುವುದರಿಂದ, ಆರು ತಿಂಗಳ ಅಂತರಕ್ಕೆ ದೆನ್ ಟೆಸ್ಟ್ ಒಂದನ್ನೇ ಆಧಾರವಾಗಿ ಇಟ್ಟುಕೊಳ್ಳಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಯಾವುದು ಮುಖ್ಯ ಎಂಬ ತೂಕದ ಬದಲಾವಣೆಯನ್ನು ಹಿಡಿಯಲು ಡಬ್ಲಿನ್‌ನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ರೂಪುಗೊಂಡ ಸೀಕ್ವಾಲ್ ಎಂಬ ವಿಧಾನ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಸೊಂಟದ ಕೀಲು ಬದಲಾಯಿಸಿಕೊಂಡ ರೋಗಿಗಳ ಮೇಲೆ ಇದನ್ನು ಬಳಸಿದ ಅಧ್ಯಯನ 1992ರಲ್ಲೇ ಬಂದಿತ್ತು. ಇಲ್ಲಿ ಪ್ರಶ್ನೆಗಳು ಮೊದಲೇ ಸಿದ್ಧವಾಗಿರುವುದಿಲ್ಲ. ನಿಮ್ಮ ಬದುಕಿನಲ್ಲಿ ಈಗ ಅತಿ ಮುಖ್ಯವಾದ ಐದು ವಿಷಯಗಳನ್ನು ಹೇಳಿ ಎಂದು ರೋಗಿಯನ್ನೇ ಕೇಳಿ, ಒಂದೊಂದೂ ಹೇಗೆ ನಡೆಯುತ್ತಿದೆ ಎಂದು ಅಂಕ ಪಡೆಯುತ್ತಾರೆ. ಇದರ ಸರಳ ರೂಪದಲ್ಲಿ ಐದು ಬಣ್ಣಗಳ ತಿರುಗುವ ಬಿಲ್ಲೆಯೊಂದನ್ನು ಕೈಗಿಟ್ಟು, ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ರೋಗಿಯೇ ತಿರುಗಿಸಿ ತೋರಿಸುವಂತೆ ಮಾಡುತ್ತಾರೆ. ಓದು ಬರಹ ಹೆಚ್ಚು ಬಾರದವರಿಗೂ ಬಿಲ್ಲೆ ಬೇಗ ಒಗ್ಗುತ್ತದೆ. ಮೊದಲ ಸಲ ‘ಜಮೀನಿನ ಕೆಲಸ’ಕ್ಕೆ ಅರ್ಧ ಬಿಲ್ಲೆ ಕೊಟ್ಟವರು ಮುಂದೆ ಅದನ್ನು ಕಿರಿದಾಗಿಸಿ ‘ಮೊಮ್ಮಕ್ಕಳು’ ಎಂಬುದಕ್ಕೆ ಜಾಗ ಬಿಟ್ಟರೆ, ಊಹಿಸುವ ಅಗತ್ಯವಿಲ್ಲದೆ ಬದಲಾವಣೆ ಕಣ್ಣೆದುರಿಗೇ ಬರುತ್ತದೆ. ಸಮಯ ಹೆಚ್ಚು ಬೇಕು, ಒಬ್ಬರ ಒಟ್ಟು ಅಂಕವನ್ನು ಇನ್ನೊಬ್ಬರದಕ್ಕೆ ಹೋಲಿಸುವುದೂ ತೊಡಕು; ಆದರೂ ನಿಮ್ಮಂಥ ಸಣ್ಣ ಅಧ್ಯಯನಕ್ಕೆ ಇದು ಹೊಂದುತ್ತದೆ.

ಸಂಖ್ಯಾಶಾಸ್ತ್ರದ ದಾರಿ ಇನ್ನೊಂದು. ನೆದರ್ಲೆಂಡ್ಸಿನ ಫ್ರಾನ್ಸ್ ಊರ್ಟ್ 2005ರಲ್ಲಿ ತೋರಿಸಿದ ವಿಧಾನಕ್ಕೆ ಹೆಚ್ಚುವರಿ ಪ್ರಶ್ನೆಯೇ ಬೇಡ. ಪ್ರಶ್ನೆಗಳು ಒಟ್ಟು ಆರೋಗ್ಯದೊಂದಿಗೆ ಹೊಂದಿರುವ ನಂಟು ಎರಡೂ ಸಲ ಒಂದೇ ರೀತಿ ಇದೆಯೇ ಎಂದು ಪರೀಕ್ಷಿಸಿ, ನಂಟಿನ ಬಲ ಬದಲಾಗಿದ್ದರೆ ತೂಕದ ಬದಲಾವಣೆಯೆಂದೂ, ಒಟ್ಟು ಆರೋಗ್ಯ ಅಷ್ಟೇ ಇದ್ದರೂ ಒಂದು ಪ್ರಶ್ನೆಯ ಸರಾಸರಿ ಮಾತ್ರ ಸರಿದಿದ್ದರೆ ಅಳತೆಗೋಲಿನ ಬದಲಾವಣೆಯೆಂದೂ ಓದುತ್ತಾರೆ. ಅವರ ತಂಡ ಇದನ್ನು ಶಸ್ತ್ರಚಿಕಿತ್ಸೆಗೆ ಒಳಗಾದ 170 ಕ್ಯಾನ್ಸರ್ ರೋಗಿಗಳ ಉತ್ತರಗಳ ಮೇಲೆ ಮಾಡಿ ತೋರಿಸಿತು. ನಿಮ್ಮಲ್ಲಿ ನಲವತ್ತೋ ಐವತ್ತೋ ರೋಗಿಗಳಿದ್ದರೆ ಇದಕ್ಕೆ ಕೈಹಾಕಬೇಡಿ. ಇದು ಗುಂಪಿನ ಬಗ್ಗೆ ಹೇಳುತ್ತದೆಯೇ ಹೊರತು ನಿರ್ದಿಷ್ಟ ರೋಗಿಯೊಬ್ಬರ ಮನಸ್ಸಿನಲ್ಲಿ ಏನಾಯಿತು ಎಂಬುದನ್ನಲ್ಲ.

ನಿಮ್ಮ ಮಾರ್ಗದರ್ಶಕರು ಈ ಸರಿದಾಟವನ್ನು ದೋಷವೆಂದು ಭಾವಿಸಿ ಕಳೆದುಬಿಡಲು ಹೇಳಬಹುದು. ಅದನ್ನು ನಾನು ಒಪ್ಪುವುದಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಡಯಾಲಿಸಿಸ್ ರೋಗಿಗಳ ಕುರಿತಾದದ್ದೇ: ರೋಗಿಗಳಿಗೂ ಆರೋಗ್ಯವಂತರಿಗೂ ಒಂದು ವಾರ ಕೈಯಲ್ಲಿ ಹಿಡಿಯುವ ಸಾಧನ ಕೊಟ್ಟು, ದಿನದಲ್ಲಿ ಹಲವು ಬಾರಿ ಆ ಕ್ಷಣದ ಮನಃಸ್ಥಿತಿಯನ್ನು ದಾಖಲಿಸಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಆರೋಗ್ಯವಂತರಾದರೋ ಡಯಾಲಿಸಿಸ್ ಬದುಕನ್ನು ಅದಕ್ಕಿಂತ ಬಹಳ ದುಃಖಕರವೆಂದು ಊಹಿಸಿದ್ದರು. ಹೊಂದಿಕೊಳ್ಳುವಿಕೆ ನಿಜವಾದದ್ದು, ಆಪ್ತಸಮಾಲೋಚನೆ ಮತ್ತು ಪುನರ್ವಸತಿಯ ಗುರಿಯೂ ಬಹುಪಾಲು ಅದೇ. ಇಷ್ಟಾದರೂ ಹೊಂದಿಕೊಂಡವರ ಒಳ್ಳೆಯ ಅಂಕವನ್ನು ತೋರಿಸಿ ಅವರಿಗೆ ಸೌಲಭ್ಯ ಬೇಡವೆನ್ನುವುದು ಅನ್ಯಾಯ. ಸಿಕ್ಕಿದ್ದರಲ್ಲಿ ತೃಪ್ತಿಪಡಲು ಕಲಿತವರ ರಕ್ತಹೀನತೆ, ಸ್ನಾಯುಸೆಳೆತ, ಆಸ್ಪತ್ರೆಗೆ ಓಡಾಡುವ ಬಸ್ ಖರ್ಚು ಯಾವುದೂ ಇಲ್ಲವಾಗುವುದಿಲ್ಲ. ಆದ್ದರಿಂದ ದೇಹಸ್ಥಿತಿಯ ಅಳತೆ ಮತ್ತು ರೋಗಿಯ ಅಂಕ ಎರಡನ್ನೂ ಅಕ್ಕಪಕ್ಕದಲ್ಲಿ ಇಡಬೇಕು. ಒಂದರಿಂದ ಇನ್ನೊಂದನ್ನು ತಿದ್ದಬಾರದು.

ನಿಮ್ಮ ಸಂದರ್ಭದಲ್ಲಿ ಮೊದಲ ಸುತ್ತು ಮುಗಿದುಹೋಗಿದೆ, ಆಗಿನ ಮಾನದಂಡವನ್ನು ಈಗ ಪೂರ್ತಿ ತಿಳಿಯಲಾಗದು. ಹಾಗಿದ್ದರೂ ನೈತಿಕ ಸಮಿತಿಯ ಅನುಮತಿ ಪಡೆದು, ಅಂಕ ಹೆಚ್ಚು ಏರಿದ ಕೆಲವರನ್ನೂ ಇಳಿದ ಕೆಲವರನ್ನೂ ಕೂರಿಸಿಕೊಂಡು, ನಾಲ್ಕೈದು ಪ್ರಶ್ನೆಗಳಿಗೆ ಮಾತ್ರ, ಉತ್ತರಿಸುವಾಗ ಯಾರಿಗೆ ಹೋಲಿಸಿಕೊಂಡಿರಿ, ಯಾವ ದಿನವನ್ನು ನೆನೆದಿರಿ ಎಂದು ವಿಚಾರಿಸಿ. ದೈಹಿಕ, ಮಾನಸಿಕ, ಸಾಮಾಜಿಕ ಮತ್ತು ಪರಿಸರದ ವಿಭಾಗಗಳ ಅಂಕವನ್ನು ಬೇರೆಬೇರೆಯಾಗಿಯೇ ಕೊಟ್ಟು, ಒಟ್ಟಾರೆ ಬದುಕು ಮತ್ತು ಆರೋಗ್ಯದ ಬಗೆಗಿನ ಮೊದಲ ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ತೋರಿಸಿ. ದೈಹಿಕ ವಿಭಾಗ ಇಳಿದು ಈ ಎರಡು ಏರಿದ್ದರೆ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ, ಸಾಬೀತಾಗುವುದಿಲ್ಲ. ಪ್ರಬಂಧದಲ್ಲಿ ‘ಜೀವನ ಗುಣಮಟ್ಟ ಸುಧಾರಿಸಿತು’ ಎಂದು ಬರೆಯುವ ಬದಲು ‘ರೋಗಿಗಳು ತಮ್ಮ ಜೀವನ ಗುಣಮಟ್ಟಕ್ಕೆ ಕೊಟ್ಟ ಅಂಕ ಏರಿತು’ ಎಂದು ಬರೆದು, ಆ ವಾಕ್ಯದ ಪಕ್ಕದಲ್ಲೇ ಎರಡನೇ ಸುತ್ತಿಗೆ ಬಾರದೆ ಉಳಿದವರ ಸಂಖ್ಯೆಯನ್ನೂ ಅವರ ಮೊದಲ ಅಂಕವನ್ನೂ ಕೊಡಿ.