ಅಜ್ಜಿಯ ಕೈಯಳತೆ, ಮೊಮ್ಮಗನ ಕ್ಯಾಮೆರಾ

ಪ್ರಶ್ನೆ: ನಮ್ಮ ಅತ್ತೆಗೆ 71, ಮಗನಿಗೆ 12. ಇಬ್ಬರೂ ಸೇರಿ ಮೊಬೈಲಿನಲ್ಲಿ ತಂಬುಳಿ, ಪಲ್ಯಗಳ ವಿಡಿಯೊ ತೆಗೆಯುತ್ತಾರೆ. ಅತ್ತೆಯ ಮಾತು ಸರಿಯಾಗಿ ಕೇಳಿಸದು, ಚಿತ್ರದಲ್ಲಿ ಕಪ್ಪು ಪಟ್ಟೆಗಳು ಓಡುತ್ತವೆ. ಅಳತೆ ಕೇಳಿದರೆ ‘ಕಣ್ಣಂದಾಜು’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಪಟ್ಟೆಯದು ಸುಲಭ. ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯದ್ದು ಕ್ಯಾಮೆರಾಕ್ಕೆ ತಿಳಿಯುತ್ತದೆ. ದೀಪ ಆರಿಸಿ ಕಿಟಕಿ ಬೆಳಕಲ್ಲಿ ತೆಗೆಯಿರಿ. ಆಗದಿದ್ದರೆ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ಸ್ಟೀಲ್ ಪಾತ್ರೆ ಹೊಳೆದಾಗಲೆಲ್ಲ ಚಿತ್ರ ಕಪ್ಪಾಗುವುದಾದರೆ, ಫೋನಿನ ಪರದೆಯಲ್ಲಿ ಪಾತ್ರೆಯೊಳಗಿನ ಪದಾರ್ಥ ಕಾಣುವ ಕಡೆ ಬೆರಳು ಒತ್ತಿ ಹಿಡಿದು ಬೆಳಕಿನ ಮಟ್ಟವನ್ನು ಲಾಕ್ ಮಾಡಿ. ಫೋನನ್ನು ಒಲೆಯ ನೇರ ಮೇಲೆ ಹಿಡಿದರೆ ಲೆನ್ಸಿಗೆ ಆವಿ ಕೂರುತ್ತದೆ. ಒಂದು ಮೊಳ ಪಕ್ಕದಲ್ಲಿರಲಿ.

ದನಿಗೆ ತಂತಿಯ ಕಾಲರ್ ಮೈಕ್ ಸಾಕು. ಗಲ್ಲದಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಕಡೆ ಸಿಕ್ಕಿಸಿ. ಗಂಜಿ ಹಾಕಿದ ಸೀರೆಯಾದರೆ ಬರೀ ಸರಸರ ಸದ್ದೇ. ಮಿಕ್ಸಿ ತಿರುಗುವಾಗ ಯಾರೂ ಮಾತಾಡಬಾರದು. ನಮಗೆ ಇನ್ನೂ ಹಿಡಿಸುವುದು ಬೇರೆ ದಾರಿ: ಅಡುಗೆ ಮೊದಲು ಚಿತ್ರಿಸಿ, ಆಮೇಲೆ ಹಾಸಿಗೆ ದಿಂಬುಗಳಿರುವ ಕೋಣೆಯಲ್ಲಿ ಅಜ್ಜಿ ಅದನ್ನು ನೋಡುತ್ತ ಮಾತಾಡಲಿ, ಮೊಮ್ಮಗ ಪ್ರಶ್ನೆ ಕೇಳಲಿ. ಅಲ್ಲಿ ದನಿ ಗುಂಯ್‌ಗುಡುವುದಿಲ್ಲ. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ಕಣ್ಣಂದಾಜಿಗೂ ಉಪಾಯವುಂಟು. ಅಜ್ಜಿ ಎಂದಿನಂತೆ ಕೈಯಲ್ಲೇ ತೆಗೆಯಲಿ, ಆದರೆ ಬಾಣಲೆಗೆ ಬದಲು ಹುಡುಗ ಹಿಡಿದ ಬಟ್ಟಲಿಗೆ ಹಾಕಲಿ. ಅವನು ಚಮಚದಿಂದ ಅಳೆದು ಬರೆದುಕೊಂಡು ವಾಪಸ್ ಕೊಡಲಿ. ದೊಡ್ಡಪತ್ರೆ ತಂಬುಳಿಯಿಂದ ಶುರುಮಾಡಿ: 10–12 ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಲು ಬಟ್ಟಲು ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸುವುದಷ್ಟೇ. ಒಂದು ನಿಮಿಷದಲ್ಲಿ ತೋರಿಸಬಹುದು. ಒಗ್ಗರಣೆ ಮಾತ್ರ ಎರಡನೇ ಸಲ ಸಿಗದು, ಸಾಸಿವೆ ಸಿಡಿಯುವುದು ಒಮ್ಮೆಯೇ. ಎಣ್ಣೆ ಕಾಯುವ ಮೊದಲೇ ರೆಕಾರ್ಡಿಂಗ್ ಶುರುವಾಗಿರಲಿ.

ಪ್ರಶ್ನೆ: ಖಾತೆಯನ್ನು ಮಗನ ಹೆಸರಲ್ಲಿ ತೆರೆಯಬಹುದೇ?

ಉತ್ತರ: ಬೇಡ. ಇನ್‌ಸ್ಟಾಗ್ರಾಮ್ ಖಾತೆಗೆ 13 ವರ್ಷ ತುಂಬಿರಬೇಕು. ಯೂಟ್ಯೂಬ್ ಚಾನೆಲ್ಲೂ ನಿಮ್ಮ ಹೆಸರಲ್ಲಿರಲಿ. ಶಾಲೆಯ ಸಮವಸ್ತ್ರ, ಮನೆಯ ನಂಬರು ಚಿತ್ರದಲ್ಲಿ ಬರದಿರಲಿ. ಅತ್ತೆಯ ಮೊಬೈಲ್ ನಂಬರನ್ನು ಖಾತೆಗೆ ಜೋಡಿಸಬೇಡಿ. ‘ನಿಮ್ಮ ವಿಡಿಯೊಗೆ ದುಡ್ಡು ಬಂದಿದೆ, ಒಟಿಪಿ ಹೇಳಿ ಅಜ್ಜಿ’ ಎಂದು ಕರೆ ಮಾಡುವವರಿದ್ದಾರೆ.