ಪರವಾನಗಿಯನ್ನು ಮೊದಲ ದಿನವೇ ಬರೆಯಿರಿ

ಶಿವಮೊಗ್ಗದ ಓದುಗರೊಬ್ಬರ ಪತ್ರ: ‘ಗೆಳೆಯರು ಸೇರಿ ಗಾದೆಗಳ ಜಾಲತಾಣ ಕಟ್ಟುತ್ತಿದ್ದೇವೆ. ಅದರ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಡುವ ಆಸೆ. ಬಳಸಲು, ತಿದ್ದಲು, ಹಂಚಲು ಹಕ್ಕು ಕೊಡುವ ಪರವಾನಗಿಗಳಲ್ಲಿ ಎಂಐಟಿ ಸಾಕೇ, ಜಿಪಿಎಲ್ ಬೇಕೇ? ಇದನ್ನೆಲ್ಲ ಕೊನೆಗೆ ನೋಡಿಕೊಂಡರೆ ಆಗದೇ?’

ಸಂಪಾದಕರ ಉತ್ತರ: ಖಂಡಿತ ಆಗದು. ಬಿಟ್ಟುಕೊಡುವ ದೊಡ್ಡ ಮನಸ್ಸಿರುವ ನೀವು ಈ ಉದಾಸೀನ ತೋರಬಾರದಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತಂತ್ರಾಂಶವೂ ಸಾಹಿತ್ಯ ಕೃತಿಯೇ. ಪರವಾನಗಿಯಿಲ್ಲದೆ ಸೋರ್ಸ್ ಕೋಡ್ (ತಂತ್ರಾಂಶಕ್ಕಾಗಿ ಬರೆದ ಮೂಲ ಸಾಲುಗಳು) ಪ್ರಕಟಿಸಿದರೆ ಅದನ್ನು ತಿದ್ದಿ ಹಂಚುವ ಹಕ್ಕು ಯಾರಿಗೂ ಬರುವುದಿಲ್ಲ. ಮೇಲಾಗಿ ನಿಮ್ಮ ಗೆಳೆಯರು ಒಬ್ಬೊಬ್ಬರೂ ತಾವು ಬರೆದ ಭಾಗಕ್ಕೆ ಒಡೆಯರು. ತಂಡ ಚದುರಿದ ಮೇಲೆ ಒಪ್ಪಿಗೆಗಾಗಿ ಎಲ್ಲರ ಮನೆ ಬಾಗಿಲು ತಟ್ಟಬೇಕಾದೀತು.

ಎಂಐಟಿ ಚಿಕ್ಕದು, ಚೊಕ್ಕದು. ಯಾರು ಬೇಕಾದರೂ ಓದಿ ತಿಳಿಯಬಹುದು. ಜೆಕ್ವೆರಿಯಂಥ ಲೈಬ್ರರಿಗಳಿಗೆ, ಅಂದರೆ ಬೇರೆ ತಂತ್ರಾಂಶಗಳಲ್ಲಿ ಸೇರಿಸಿಕೊಳ್ಳುವ ಸಿದ್ಧ ಕೋಡ್‌ಗೆ, ಅದು ಒಪ್ಪುತ್ತದೆ. ಆದರೆ ಅದರಡಿ ಪಡೆದದ್ದನ್ನು ಬೆಳೆಸಿ, ಬೀಗ ಹಾಕಿ ಮಾರಲು ಅಡ್ಡಿಯಿಲ್ಲ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಗೂ ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ಗೂ ಇರುವುದು ಜಿಪಿಎಲ್. ತಿದ್ದಿ ಹಂಚುವವರು ಸೋರ್ಸ್ ಕೋಡನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕೆಂಬ ಅದರ ಷರತ್ತು ಜಾರಿಗೆ ಬರುವುದು ತಂತ್ರಾಂಶದ ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟಾಗ. ಜಾಲತಾಣ ನಡೆಸುವವರು ಸರ್ವರಿನಲ್ಲಿರುವ ಪ್ರತಿಯನ್ನು ಯಾರಿಗೂ ಕೊಡುವುದಿಲ್ಲ, ಪುಟಗಳನ್ನಷ್ಟೇ ಕಳಿಸುತ್ತಾರೆ. ಈ ಸಂದನ್ನು ಮುಚ್ಚಲೆಂದೇ 2007ರ ನವೆಂಬರ್‌ನಲ್ಲಿ ಅಫೆರೊ ಜಿಪಿಎಲ್‌ನ ಮೂರನೆಯ ಆವೃತ್ತಿ ಬಂತು. ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಅದರ ಸೋರ್ಸ್ ಕೋಡ್ ಸಿಗಬೇಕು ಎನ್ನುತ್ತದೆ ಅದು. ಸಾಮಾಜಿಕ ಜಾಲತಾಣಗಳ ತಂತ್ರಾಂಶ ಮ್ಯಾಸ್ಟೊಡಾನ್ ನಡೆಯುತ್ತಿರುವುದು ಇದರಡಿಯಲ್ಲೇ. ನೀವೂ ಇದನ್ನೇ ಆರಿಸಿಕೊಳ್ಳಿ.

ನನ್ನ ಹಟಕ್ಕೆ ಕಾರಣವಿದೆ. ನಮ್ಮ ಹಳೆಯ ಸಂಚಿಕೆಗಳ ಅಕ್ಷರಜೋಡಣೆ ಆದದ್ದು ಒಂದು ಖಾಸಗಿ ತಂತ್ರಾಂಶದಲ್ಲಿ. ಅದರ ತಯಾರಕರು ಅಂಗಡಿ ಮುಚ್ಚಿದರು. ಇಂದು ಆ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ನಾಣ್ಯದ ಚಿಹ್ನೆ, ಮೇಲೊಂದು ಕೆಳಗೊಂದು ಚುಕ್ಕೆ. ಅಚ್ಚಾದ ಪುಟ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಮತ್ತೆ ಬೆರಳಚ್ಚು ಮಾಡುತ್ತಿದ್ದೇವೆ. ಸೋರ್ಸ್ ಕೋಡ್ ಸಿಕ್ಕಿದ್ದರೆ ಪರಿವರ್ತಕ ಬರೆದುಕೊಡುವ ಹುಡುಗರು ನಮ್ಮಲ್ಲೇ ಇದ್ದರು. ಸಾರ್ವಜನಿಕರ ಹಣದಲ್ಲಿ ಆಗುವ ಕೆಲಸದಲ್ಲೂ ಇದೇ ಗೋಳು: ಬಿಡುಗಡೆಗೆ ಹಾರ ತುರಾಯಿ, ಆಮೇಲೆ ಕೋಡ್ ಕೇಳಿದರೆ ಮೌನ. ಸರ್ಕಾರಿ ತಂತ್ರಾಂಶಗಳ ಕೋಡ್ ತೆರೆದಿಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಕಚೇರಿಗಳಿಗೆ ಅದನ್ನು ನೆನಪಿಸಬೇಕಾದವರು ತೆರಿಗೆ ಕಟ್ಟುವ ನಾವೇ.

ಇನ್ನೊಂದು ಮಾತು. ಗಾದೆಗಳು ಯಾರ ಸ್ವತ್ತೂ ಅಲ್ಲ, ಆದರೆ ನೀವು ಬರೆಯುವ ವಿವರಣೆ ನಿಮ್ಮದು. ಅದಕ್ಕೆ ತಂತ್ರಾಂಶದ ಪರವಾನಗಿ ಹೊಂದುವುದಿಲ್ಲ. ಬರೆದವರ ಹೆಸರು ಹೇಳಿ ಅದೇ ಷರತ್ತಿನಲ್ಲಿ ಹಂಚಲು ಬಿಡುವ, ಬರಹಗಳಿಗೆ ಹೊಂದುವ ಪರವಾನಗಿಯಾದ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ 4.0 ಕೊಡಿ, ಕನ್ನಡ ವಿಕಿಪೀಡಿಯದ ಬರಹಗಳಿಗಿರುವುದೂ ಅದೇ. ಎರಡೂ ಪರವಾನಗಿಗಳನ್ನು ತಾಣದ ಪ್ರತಿ ಪುಟದ ಅಡಿಯಲ್ಲಿ ಬೇರೆ ಬೇರೆಯಾಗಿ ನಮೂದಿಸಿ, ಕೋಡ್ ಎಲ್ಲಿ ಸಿಗುತ್ತದೆ ಎಂಬ ಕೊಂಡಿಯನ್ನೂ ಸೇರಿಸಿ.