ಮದುವೆಯಲ್ಲಿ ಬೀಗರನ್ನು ಜರಿಯುವ ಪೋಲಿ ಪದಗಳ ಮೂಲವೇನು, ಅವು ಊರೂರಿಗೂ ಬೇರೆಯಾಗಿರುವುದೇಕೆ?

ಮಂಡ್ಯ, ಮೈಸೂರು ಕಡೆಯ ಬೀಗರ ಪದಗಳಿಗೆ ಒಬ್ಬ ಕರ್ತೃವನ್ನೋ ಒಂದು ಮೂಲಪಾಠವನ್ನೋ ಹುಡುಕುವುದು ವ್ಯರ್ಥವೆಂದು ನನ್ನ ಅಭಿಪ್ರಾಯ. ಅವು ಸೋಬಾನೆ ಪದಗಳ ಬಳಗಕ್ಕೆ ಸೇರಿದವು. ಸೋಬಾನೆ ಎಂಬುದು ಮಂಗಳಕರ ಎಂಬರ್ಥದ ಶೋಭನ ಎಂಬ ಸಂಸ್ಕೃತ ಪದದ ತದ್ಭವ. ಅಂದರೆ ಹರಸುವ ಹಾಡು ಮತ್ತು ಹಂಗಿಸುವ ಹಾಡು ಒಂದೇ ಚಪ್ಪರದಡಿ, ಬಹುಮಟ್ಟಿಗೆ ಅದೇ ಹೆಂಗಸರ ಬಾಯಲ್ಲಿ ಬೆಳೆದವು.

ಗಂಡಿನ ಕಡೆಯವರೆದುರು ತಗ್ಗಿ ನಡೆಯಬೇಕಾದ ಹೆಣ್ಣಿನ ಕಡೆಯವರಿಗೆ ಬೀಗಿತ್ತಿಯ ಸೀರೆ, ನಡಿಗೆ, ಊಟ, ಕೊನೆಗೆ ಹಾಸಿಗೆಯ ಗುಟ್ಟನ್ನೂ ಎಲ್ಲರೆದುರು ಆಡಿಕೊಳ್ಳುವ ಸಲಿಗೆಯನ್ನು ಈ ಪದಗಳು ಕೊಡುತ್ತವೆ. ಎದುರು ಗುಂಪೂ ಸುಮ್ಮನಿರದೆ ಪದದಲ್ಲೇ ಉತ್ತರ ಕೊಡುತ್ತದೆ. ಒನಕೆ, ಒರಳು, ಬದನೆಕಾಯಿಯಂಥ ಮನೆಯ ವಸ್ತುಗಳೇ ಇಲ್ಲಿ ದ್ವಂದ್ವಾರ್ಥಕ್ಕೆ ಒದಗುತ್ತವೆ.

ಪಾಠಾಂತರಗಳ ಗುಟ್ಟು ಹಾಡುವ ಕ್ರಮದಲ್ಲೇ ಇದೆ. ಮುಂದಾಳು ಒಂದು ಸಾಲು ಹೇಳುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಆ ಬಿಡುವಿನಲ್ಲಿ ಅವಳು ಎದುರಿಗಿರುವ ಬೀಗರ ಹೆಸರನ್ನೂ ಊರನ್ನೂ ಹಳೆಯ ಅಚ್ಚಿಗೆ ಹೊಂದಿಸಿಕೊಳ್ಳುತ್ತಾಳೆ. ಆದ್ದರಿಂದ ಮದ್ದೂರಿನ ಪದ ನಂಜನಗೂಡಿಗೆ ಹೋದರೆ ಧಾಟಿ ಉಳಿದರೂ ಮಾತು ಬದಲಾಗುತ್ತದೆ, ಮತ್ತು ಇವುಗಳಲ್ಲಿ ಯಾವುದನ್ನೂ ಕೆಟ್ಟ ಪಾಠವೆನ್ನಲಾಗದು.

ನಾಗಮಂಗಲ ತಾಲ್ಲೂಕಿನವರಾದ ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಈ ಸೀಮೆಯ ಜನಪದ ಸಾಹಿತ್ಯವನ್ನು ಶ್ರಮಪಟ್ಟು ಸಂಗ್ರಹಿಸಿದ್ದಾರೆ. ಆದರೂ ತೀರ ಹಸಿಯಾದ ಸಾಲುಗಳು ಅಚ್ಚಿಗೆ ಬಂದದ್ದು ಕಡಿಮೆ. ಹೊರಗಿನವರು, ಅದರಲ್ಲೂ ಗಂಡಸರು, ಕೇಳಿದಾಗ ಹಾಡುವವರೇ ಅವನ್ನು ನುಂಗಿಕೊಳ್ಳುವುದುಂಟು. ಅಂಥ ಸಾಲು ಬಲ್ಲ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ, ಅವರ ಒಪ್ಪಿಗೆ ಪಡೆದು, ಒಂದಕ್ಷರವನ್ನೂ ತಿದ್ದದೆ ದಯವಿಟ್ಟು ಬರೆದಿಟ್ಟುಕೊಳ್ಳಿ.